ಲೇಸರ್ ಕಿರಣ ಮತ್ತು ಬೇಡದ ರೋಮ: ಚಿಕಿತ್ಸೆಗೆ ಮುನ್ನ ತಿಳಿದಿರಬೇಕಾದ ವಿಚಾರಗಳು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ವಿಜ್ಞಾನಕ್ಕೆ ಸಂಬಂಧಿಸಿದ ಪಾಠರೂಪದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ ನಾನು ಈ ವಿಷಯವನ್ನೇ ಆರಿಸಿಕೊಂಡೆ. ನಿವೃತ್ತ ಮುಖ್ಯೋಪಾಧ್ಯಾಯನಿಗೆ ಇದು ತಕ್ಕ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ಆದರೆ ತುಟಿಯ ಮೇಲೂ ಗಲ್ಲದಲ್ಲೂ ದಟ್ಟವಾಗಿ ರೋಮ ಬೆಳೆದ ಕಾರಣಕ್ಕೆ ಸಹಪಾಠಿಗಳ ಹಾಸ್ಯಕ್ಕೆ ಗುರಿಯಾಗಿ, ವಾರ್ಷಿಕೋತ್ಸವದ ವೇದಿಕೆ ಏರಲು ಹಿಂಜರಿಯುತ್ತಿದ್ದ ಹೆಣ್ಣುಮಕ್ಕಳನ್ನು ನನ್ನ ಸೇವಾವಧಿಯಲ್ಲಿ ಕಂಡಿದ್ದೇನೆ. ಇಂದು ನಮ್ಮ ಕಾಸರಗೋಡಿನ ಕನ್ನಡ ಮನೆಗಳ ಯುವತಿಯರು ಮಂಗಳೂರಿಗೋ ಕಣ್ಣೂರಿಗೋ ಹೋಗಿ ಲೇಸರ್ ಚಿಕಿತ್ಸೆ ಪಡೆಯುತ್ತಿದ್ದಾರೆ. ಅಲ್ಲಿ ಸಹಿಗಾಗಿ ಮುಂದಿಡುವ ಒಪ್ಪಿಗೆ ಪತ್ರ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದರ ಸಾರವನ್ನು ತಾಯ್ನುಡಿಯಲ್ಲಿ ಅರಿತು ಸಹಿ ಹಾಕುವುದು ಕ್ಷೇಮವೆಂಬ ಆಶಯವೇ ಈ ಬರಹಕ್ಕೆ ಕಾರಣ. ನಾನು ವೈದ್ಯನಲ್ಲ, ವಿಜ್ಞಾನ ಪಾಠ ಹೇಳಿದ ಅಧ್ಯಾಪಕ ಮಾತ್ರ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಚಿಕಿತ್ಸೆಯ ತತ್ತ್ವ

ಬಿಸಿಲಿನಲ್ಲಿ ಕಪ್ಪು ಬಟ್ಟೆಯು ಬಿಳಿ ಬಟ್ಟೆಗಿಂತ ಬೇಗ ಕಾಯುತ್ತದೆ ಎಂಬುದನ್ನು ನೀವೆಲ್ಲರೂ ಪ್ರಾಥಮಿಕ ತರಗತಿಯಲ್ಲಿಯೇ ಕಲಿತಿದ್ದೀರಿ. ಈ ಚಿಕಿತ್ಸೆಯ ತಳಹದಿಯೂ ಅದೇ. ರೋಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವು ಲೇಸರ್ ಬೆಳಕನ್ನು ಹೀರಿಕೊಂಡು ಕಾಯುತ್ತದೆ. ಆ ಶಾಖವು ರೋಮದ ಬುಡದಲ್ಲಿ ಹರಡಿ, ಹೊಸ ರೋಮವನ್ನು ಹುಟ್ಟಿಸುವ ಜೀವಕೋಶಗಳಿಗೆ ಹಾನಿಮಾಡುತ್ತದೆ. 1960ರಲ್ಲಿ ಅಮೆರಿಕದ ಥಿಯೋಡರ್ ಮೈಮನ್ ಅವರು ಮಾಣಿಕ್ಯದ ಹರಳನ್ನು ಬಳಸಿ ಮೊದಲ ಲೇಸರನ್ನು ನಿರ್ಮಿಸಿದರು. ಸುತ್ತಲಿನ ಭಾಗವನ್ನು ಸುಡದೆ ಬಣ್ಣವುಳ್ಳ ಗುರಿಯನ್ನು ಮಾತ್ರ ಕಾಯಿಸಲು ಸಾಧ್ಯವೆಂಬ ಸಿದ್ಧಾಂತವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯವಿಜ್ಞಾನಿಗಳು ಪ್ರಕಟಿಸಿದರು. 1990ರ ದಶಕದ ಮಧ್ಯಭಾಗದಿಂದ ಈ ತತ್ತ್ವ ರೋಮ ನಿವಾರಣೆಗೆ ಬಳಕೆಯಾಗತೊಡಗಿತು.

ಇಲ್ಲೊಂದು ತೊಡಕಿದೆ. ಮೆಲನಿನ್ ರೋಮದಲ್ಲಿರುವಂತೆ ಚರ್ಮದಲ್ಲಿಯೂ ಇದೆ. ಮೈಬಣ್ಣ ಗಾಢವಾದಷ್ಟೂ ಚರ್ಮವೇ ಬೆಳಕನ್ನು ಹೀರಿ ಸುಡುವ ಅಪಾಯ ಹೆಚ್ಚು. ಆದುದರಿಂದ ನಮ್ಮವರ ಗೋಧಿ ಅಥವಾ ಕಪ್ಪು ಮೈಬಣ್ಣಕ್ಕೆ ಯಾವ ಯಂತ್ರ ತಕ್ಕದ್ದು ಎಂಬುದು ಮುಖ್ಯ ಪ್ರಶ್ನೆ. ಅಲೆಕ್ಸಾಂಡ್ರೈಟ್ ಲೇಸರಿನ ತರಂಗಾಂತರ 755 ನ್ಯಾನೋಮೀಟರ್, ಡಯೋಡ್ ಲೇಸರಿನದು ಸುಮಾರು 810, ಎನ್‌ಡಿ-ಯಾಗ್ ಲೇಸರಿನದು 1064. ತರಂಗಾಂತರ ಹೆಚ್ಚಿದಂತೆ ಚರ್ಮದ ಮೇಲ್ಪದರದ ಮೆಲನಿನ್ ಹೀರುವ ಬೆಳಕು ಕಡಿಮೆಯಾಗುತ್ತದೆ. ಆ ಕಾರಣದಿಂದ ಗಾಢ ಮೈಬಣ್ಣದವರಿಗೆ ಎನ್‌ಡಿ-ಯಾಗ್ ಹೆಚ್ಚು ಸುರಕ್ಷಿತವೆಂದು ಪರಿಗಣಿತವಾಗಿದೆ. ಬಿಳಿಗೂದಲಿನಲ್ಲಿ ಮೆಲನಿನ್ ಇಲ್ಲದಿರುವುದರಿಂದ ಅದರ ಮೇಲೆ ಲೇಸರ್ ಫಲಿಸುವುದಿಲ್ಲ.

ಒಂದೇ ಸಲಕ್ಕೆ ಮುಗಿಯದೇಕೆ?

ಮೈಮೇಲಿನ ರೋಮಗಳೆಲ್ಲ ಏಕಕಾಲದಲ್ಲಿ ಬೆಳೆಯುವುದಿಲ್ಲ. ಕೆಲವು ಬೆಳವಣಿಗೆಯ ಹಂತದಲ್ಲಿದ್ದರೆ ಕೆಲವು ವಿಶ್ರಾಂತಿಯಲ್ಲಿರುತ್ತವೆ. ಗದ್ದೆಯಲ್ಲಿ ಮೊಳೆತ ಕಳೆಯನ್ನು ಕಿತ್ತರೂ ಮಣ್ಣಿನೊಳಗಿನ ಬೀಜ ಉಳಿದಿರುವಂತೆಯೇ ಇದು. ಲೇಸರ್ ಪರಿಣಾಮಕಾರಿಯಾಗಿ ನಾಟುವುದು ಬೆಳೆಯುತ್ತಿರುವ ರೋಮಕ್ಕೆ. ಆದ್ದರಿಂದ ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಚಿಕಿತ್ಸೆ ಬೇಕಾಗುತ್ತದೆ. ಮದುವೆಗೆ ಒಂದು ತಿಂಗಳಿರುವಾಗ ಆರಂಭಿಸಿ ಪೂರ್ಣ ಫಲವನ್ನು ನಿರೀಕ್ಷಿಸುವುದು ವ್ಯರ್ಥ.

ಜಾಹೀರಾತುಗಳಲ್ಲಿ ಕಾಣುವ ‘ಶಾಶ್ವತ ನಿರ್ಮೂಲನ’ ಎಂಬ ಮಾತನ್ನು ಅಕ್ಷರಶಃ ನಂಬಬಾರದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇಂತಹ ಯಂತ್ರಗಳಿಗೆ ಸಂಬಂಧಿಸಿ ಒಪ್ಪಿರುವ ಮಾತು ‘ಶಾಶ್ವತ ಇಳಿಕೆ’ ಎಂಬುದು ಮಾತ್ರ. ರೋಮಗಳ ಸಂಖ್ಯೆ ಬಹುಕಾಲ ಕಡಿಮೆಯಾಗಿರುತ್ತದೆ, ಉಳಿದವು ತೆಳುವಾಗುತ್ತವೆ. ಮುಂದೆ ಆಗೊಮ್ಮೆ ಈಗೊಮ್ಮೆ ಪುನಃ ಚಿಕಿತ್ಸೆ ಬೇಕಾಗಬಹುದು.

ಮೊದಲು, ಆಗ ಮತ್ತು ಅನಂತರ

ಚಿಕಿತ್ಸೆಗೆ ಮುಂಚಿನ ಕೆಲವು ವಾರಗಳಲ್ಲಿ ದಾರದಿಂದಾಗಲಿ, ಮೇಣದಿಂದಾಗಲಿ ರೋಮವನ್ನು ಕೀಳಿಸಬಾರದು. ಬುಡವೇ ಇಲ್ಲದಿದ್ದರೆ ಬೆಳಕಿಗೆ ಗುರಿಯೂ ಇಲ್ಲ. ಬೋಳಿಸಲು ಅಡ್ಡಿಯಿಲ್ಲ. ಬಿಸಿಲಿಗೆ ಮೈಯೊಡ್ಡುವುದನ್ನು ಕಡಿಮೆ ಮಾಡಬೇಕು. ಗರ್ಭಿಣಿಯರು ಸಾಮಾನ್ಯವಾಗಿ ಈ ಚಿಕಿತ್ಸೆಯನ್ನು ಮುಂದೂಡುವುದು ರೂಢಿ. ಸೇವಿಸುತ್ತಿರುವ ಔಷಧಗಳನ್ನೂ, ವಿಶೇಷವಾಗಿ ಮೊಡವೆಗಾಗಿ ತೆಗೆದುಕೊಳ್ಳುವ ಮಾತ್ರೆಗಳನ್ನೂ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಕಿರಣ ಬೀಳುವಾಗ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟಂತೆ ಚುರುಕೆನ್ನುತ್ತದೆ. ಕೂದಲು ಸುಟ್ಟ ವಾಸನೆಯೂ ಬರಬಹುದು. ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ. ಅನಂತರ ಕೆಲವು ತಾಸುಗಳಿಂದ ಒಂದೆರಡು ದಿನಗಳವರೆಗೆ ಕೆಂಪು, ಸಣ್ಣ ಊತ ಸಹಜ. ಮುಂದಿನ ಒಂದರಿಂದ ಮೂರು ವಾರಗಳಲ್ಲಿ ಸುಟ್ಟ ರೋಮಗಳು ಹೊರಬಂದು ಉದುರುತ್ತವೆ. ಅದನ್ನು ಹೊಸ ಬೆಳವಣಿಗೆಯೆಂದು ಭ್ರಮಿಸಿ ಕಂಗಾಲಾಗಬೇಕಿಲ್ಲ. ಬಿಸಿಲುರಕ್ಷಕ ಲೇಪನವನ್ನು ತಪ್ಪದೆ ಬಳಸಬೇಕು.

ತಕ್ಕ ಯಂತ್ರವಾಗಲಿ ತರಬೇತಿಯಾಗಲಿ ಇಲ್ಲದ ಕಡೆ ಸುಟ್ಟ ಗುಳ್ಳೆ, ಕಪ್ಪು ಅಥವಾ ಬಿಳಿ ಕಲೆ, ಅಪರೂಪವಾಗಿ ಗಾಯದ ಗುರುತು ಉಂಟಾಗುವ ಸಾಧ್ಯತೆ ಹೆಚ್ಚು. ಕೆಲವರಲ್ಲಿ, ಮುಖ್ಯವಾಗಿ ಮುಖ ಮತ್ತು ಕತ್ತಿನ ಭಾಗದಲ್ಲಿ, ರೋಮ ಕಡಿಮೆಯಾಗುವ ಬದಲು ಹೆಚ್ಚುವುದೂ ಉಂಟು. ಆದ್ದರಿಂದ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿರಿ: ಯಂತ್ರ ಯಾವುದು? ಅದನ್ನು ಚಲಾಯಿಸುವವರು ಯಾರು, ಚರ್ಮತಜ್ಞರ ಮೇಲ್ವಿಚಾರಣೆ ಇದೆಯೇ? ಮೊದಲು ಸಣ್ಣ ಭಾಗದಲ್ಲಿ ಪರೀಕ್ಷಿಸಿ ನೋಡುವಿರಾ?

ಮೂಲ ಕಾರಣದ ವಿಚಾರ

ಬಹುತೇಕ ಮನೆತನಗಳಲ್ಲಿ ರೋಮದ ಪ್ರಮಾಣ ವಂಶಪಾರಂಪರ್ಯವಾಗಿ ಬರುತ್ತದೆ, ಅದು ರೋಗವಲ್ಲ. ಆದರೆ ಮುಖದ ಮೇಲೆ ಒರಟಾದ ರೋಮ ಹೊಸದಾಗಿ ಕಾಣಿಸಿಕೊಂಡು, ಮುಟ್ಟು ಕ್ರಮ ತಪ್ಪಿದರೆ ಅಂಡಾಶಯ ಮತ್ತಿತರ ಗ್ರಂಥಿಗಳ ಹಾರ್ಮೋನುಗಳ ಏರುಪೇರು ಕಾರಣವಾಗಿರಬಹುದು. ಇಂದು ಪಿ.ಸಿ.ಓ.ಎಸ್. ಎಂದು ಪರಿಚಿತವಾಗಿರುವ ಸ್ಥಿತಿಯನ್ನು ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು 1935ರಷ್ಟು ಹಿಂದೆಯೇ ವಿವರಿಸಿದ್ದರು. ಲೇಸರ್ ರೋಮವನ್ನು ಮುಟ್ಟುತ್ತದೆಯೇ ಹೊರತು ಹಾರ್ಮೋನನ್ನಲ್ಲ. ಇಂತಹ ಸಂದರ್ಭದಲ್ಲಿ ಮೊದಲು ವೈದ್ಯಪರೀಕ್ಷೆ, ಬಳಿಕ ಲೇಸರ್ ಎಂಬ ಕ್ರಮವೇ ಸರಿ. ಧ್ವನಿ ಗಡುಸಾಗುವುದು, ರೋಮ ಕೆಲವೇ ತಿಂಗಳಲ್ಲಿ ಶೀಘ್ರವಾಗಿ ಹಬ್ಬುವುದು ಕಂಡುಬಂದರೆ ತಡಮಾಡಬಾರದು.

ಹಿರಿಯರಲ್ಲಿ ನನ್ನದೊಂದು ವಿನಂತಿ. ಅರಸಿನ, ಕಡಲೆಹಿಟ್ಟು ತಿಕ್ಕಿದರೆ ಸಾಕೆಂದು ಮಗಳ ಮಾತನ್ನು ತಳ್ಳಿಹಾಕುವುದೂ, ವರನ ಕಡೆಯವರು ಬರುವರೆಂದು ಅವಳನ್ನು ಬಲವಂತದಿಂದ ಚಿಕಿತ್ಸೆಗೆ ಕರೆದೊಯ್ಯುವುದೂ ಎರಡೂ ತಪ್ಪೇ. ಚಿಕಿತ್ಸೆ ಬೇಕೋ ಬೇಡವೋ ಎಂಬ ನಿರ್ಣಯ ಅವಳದಾಗಿರಲಿ. ಬೇಕೆಂದರೆ ತಿಳಿವಳಿಕೆಯೊಂದಿಗೆ ಜೊತೆಯಲ್ಲಿ ಹೋಗಿರಿ. ಬೇಡವೆಂದರೆ ಅವಳು ಇರುವಂತೆಯೇ ಗೌರವದಿಂದ ಕಾಣಿರಿ. ಶಾಲೆಗಳಲ್ಲಿ ಮಕ್ಕಳು ಪರಸ್ಪರರ ಮುಖ ನೋಡಿ ನಗದಂತೆ ತಿದ್ದುವ ಹೊಣೆ ಅಧ್ಯಾಪಕರದು. ಈ ಎರಡು ಕರ್ತವ್ಯಗಳನ್ನು ನಾವು ನಡೆಸಿದರೆ, ಯಾವ ಹುಡುಗಿಯೂ ಅಂಜಿಕೆಯಿಂದ ಚಿಕಿತ್ಸೆಗೆ ಓಡಬೇಕಾಗುವುದಿಲ್ಲ.