ನೋವಿನ ಹಾದಿಗೊಂದು ತೂಬು

ನಮ್ಮ ಸಿದ್ದಾಪುರದ ಬಯಲಿನಲ್ಲಿ ಒಂದು ಗದ್ದೆಗೆ ನೀರು ಸಾಕೆನಿಸಿದರೆ ಯಾರೂ ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ಕಟ್ಟಿಹಾಕುವುದಿಲ್ಲ. ಆ ಗದ್ದೆಯ ತೂಬನ್ನು ಮುಚ್ಚುತ್ತಾರೆ. ಸವೆದ ಮೊಣಕಾಲಿಗೆ ಕೃತಕ ಕೀಲನ್ನು ಜೋಡಿಸಿದ ಮೇಲೆ ಉಂಟಾಗುವ ತೀವ್ರ ನೋವನ್ನು ತಡೆಯುವ 'ನರ್ವ್ ಬ್ಲಾಕ್' ಎಂಬ ಕ್ರಮವೂ ಇಂತಹುದೇ.

ನರತಂತುವಿನ ಒಳಭಾಗವು ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಿಭವದಲ್ಲಿರುತ್ತದೆ. ಗಾಯದ ಪ್ರಚೋದನೆಯಿಂದ ಅದರ ಪೊರೆಯಲ್ಲಿರುವ ಅತಿಸೂಕ್ಷ್ಮ ದ್ವಾರಗಳು ತೆರೆದು, ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ವಿಭವವು ಕ್ಷಣಕಾಲ ತಿರುವುಮುರುವಾಗುತ್ತದೆ. ಈ ಬದಲಾವಣೆಯು ಮುಂದಿನ ದ್ವಾರಗಳನ್ನು ತೆರೆಯಿಸುತ್ತದೆ. ಹೀಗೆ ನೋವಿನ ಸುದ್ದಿಯು ಬೆನ್ನುಹುರಿಗೂ ಅಲ್ಲಿಂದ ಮಿದುಳಿಗೂ ಸಾಗುವುದು. ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರತಂತುವಿನ ಮೇಲೆ ಪ್ರಯೋಗ ನಡೆಸಿ, 1952ರಲ್ಲಿ ಈ ಕ್ರಿಯೆಯನ್ನು ಗಣಿತರೂಪದಲ್ಲಿ ವಿವರಿಸಿದರು. 1963ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಬುಪಿವಕೇನ್ ಮೊದಲಾದ ಅರಿವಳಿಕೆ ಮದ್ದುಗಳು ಈ ಸೋಡಿಯಂ ದ್ವಾರಗಳನ್ನೇ ಮುಚ್ಚುತ್ತವೆ.

ಆದರೆ ಮುಚ್ಚುವುದೆಲ್ಲಿ? ತೊಡೆಸಂದಿನಲ್ಲಿ ಮುಖ್ಯ ನರವನ್ನೇ ತಡೆದರೆ ನೋವೇನೋ ತಗ್ಗುವುದು. ಆದರೆ ತೊಡೆಯ ಮುಂಭಾಗದ ಸ್ನಾಯುವೂ ಬಲಗುಂದುವುದರಿಂದ, ಎದ್ದು ನಿಂತ ರೋಗಿಯ ಮೊಣಕಾಲು ಕುಸಿದು ಆತನು ಬೀಳಬಹುದು. ನೋವಿಗಂಜಿ ಮಲಗಿಯೇ ಇದ್ದರೆ ಹೊಸ ಕೀಲು ಬಿಗಿದುಕೊಳ್ಳುವುದು. ಆದುದರಿಂದ ಸ್ನಾಯುವಿಗೆ ಹೋಗುವ ಹೆಚ್ಚಿನ ಕವಲುಗಳು ಒಡೆದುಹೋದ ಮೇಲೆ, ನಡುತೊಡೆಯ ಒಳಬದಿಯ ಇಕ್ಕಟ್ಟಾದ ಹಾದಿಯಲ್ಲಿ ಮದ್ದನ್ನು ಹಾಕುವ ಪದ್ಧತಿಯು ಬಳಕೆಗೆ ಬಂದಿತು. ಅಂಗರಚನಾಶಾಸ್ತ್ರದಲ್ಲಿ ಆ ಹಾದಿಯ ಹೆಸರೂ ಕಾಲುವೆಯೆಂದೇ!

ಅಲ್ಲಿ ನರದ ಪಕ್ಕದಲ್ಲಿಯೇ ದೊಡ್ಡ ರಕ್ತನಾಳವುಂಟು. ಮದ್ದು ರಕ್ತಕ್ಕೆ ಸೇರಿದರೆ ಹೃದಯಕ್ಕೆ ಅಪಾಯ. ಸೂಜಿಗೆ ದಾರಿ ತೋರಿಸುವುದು ಶ್ರವಣಾತೀತ ಶಬ್ದ. ಸೆಕೆಂಡಿಗೆ 1 ಕೋಟಿ ಕಂಪನಗಳುಳ್ಳ ಶಬ್ದವು ದೇಹದಲ್ಲಿ ಸುಮಾರು 1,540 ಮೀಟರು ವೇಗದಿಂದ ಚಲಿಸುತ್ತದೆ. ವೇಗವನ್ನು ಕಂಪನಸಂಖ್ಯೆಯಿಂದ ಭಾಗಿಸಿರಿ: ತರಂಗದ ಉದ್ದವು ಸುಮಾರು 0.15 ಮಿಲಿಮೀಟರು ಮಾತ್ರ. ಇಷ್ಟು ಕಿರಿದಾದ ತರಂಗದ ಪ್ರತಿಧ್ವನಿಯಿಂದಲೇ ನರವೂ ನಾಳವೂ ಸೂಜಿಯೂ ತೆರೆಯ ಮೇಲೆ ಬೇರೆಬೇರೆಯಾಗಿ ಕಾಣಿಸುತ್ತವೆ.

ಇದರಿಂದ ನೋವೆಲ್ಲವೂ ಹೋಗುವುದೆಂದು ಭಾವಿಸಬಾರದು. ಮೊಣಕಾಲಿನ ಹಿಂಬದಿಯ ನೋವು ಬೇರೆ ನರಗಳ ಮೂಲಕ ಹೋಗುತ್ತದೆ; ಒಂದು ಚುಚ್ಚುಮದ್ದಿನ ಪರಿಣಾಮವೂ ಹೆಚ್ಚೆಂದರೆ ಸುಮಾರು ಒಂದು ದಿನ. ಆದುದರಿಂದ ಅದು ಇಳಿಯುವ ಮುನ್ನವೇ ವೈದ್ಯರು ಹೇಳಿದ ಮಾತ್ರೆಗಳನ್ನು ಕೊಡಬೇಕು. ನಿಮ್ಮ ಮನೆಯ ಹಿರಿಯರಿಗೆ ಈ ಚಿಕಿತ್ಸೆಯಾದಲ್ಲಿ, ನೋವಿಲ್ಲವೆಂದು ಅವರು ಒಬ್ಬರೇ ಎದ್ದು ನಿಲ್ಲದಂತೆ ಪಕ್ಕದಲ್ಲಿದ್ದು ಕೈಹಿಡಿಯಿರಿ. ನೋವಿಲ್ಲದ ಕಾಲೆಲ್ಲವೂ ಬಲವುಳ್ಳ ಕಾಲಲ್ಲ.