ದಿನಕ್ಕೆರಡು ಶ್ಲೋಕ

ಮಾರ್ಗಶಿರ ಶುದ್ಧ ಏಕಾದಶಿಯ ಗೀತಾಜಯಂತಿಯಂದು ಸಮಗ್ರ ಗೀತೆಯನ್ನು ಕಂಠಸ್ಥ ಮಾಡುವೆವೆಂದು ಅನೇಕ ಆಸ್ತಿಕರು ಸಂಕಲ್ಪಿಸುತ್ತಾರೆ. ಮೊದಲ ವಾರ ದಿನಕ್ಕೆ ಹತ್ತು ಶ್ಲೋಕಗಳನ್ನು ಉರು ಹಾಕಿ, ಎರಡನೆಯ ಅಧ್ಯಾಯದ ನಡುವೆಯೇ ಬಳಲಿ, ‘ಇದು ನಮ್ಮಂಥವರಿಗಲ್ಲ’ ಎಂದು ಪುಸ್ತಕವನ್ನು ಮುಚ್ಚಿಡುವುದುಂಟು. ಸಂಕಲ್ಪದಲ್ಲಿ ದೋಷವಿಲ್ಲ; ತಪ್ಪಿದ್ದು ಅಳತೆ.

ಗೀತೆಯ ಶ್ಲೋಕಗಳು 700. ದಿನಕ್ಕೆರಡರಂತೆ 350 ದಿನಗಳು. ಅಧಿಕಮಾಸವಿಲ್ಲದ ಚಾಂದ್ರವರ್ಷಕ್ಕೂ ಸುಮಾರು 354 ದಿನಗಳಿರುವುದರಿಂದ, ಜಯಂತಿಯಂದು ಆರಂಭಿಸಿದವರು ಮುಂದಿನ ಜಯಂತಿಯೊಳಗೆ ಮುಗಿಸಬಲ್ಲರು. ಅದೂ ಭಾರವೆನಿಸಿದರೆ, 20 ಶ್ಲೋಕಗಳಷ್ಟೇ ಇರುವ ಹನ್ನೆರಡನೆಯ ಅಥವಾ ಹದಿನೈದನೆಯ ಅಧ್ಯಾಯವನ್ನು ಮೊದಲು ಹಿಡಿಯಬಹುದು; ಹತ್ತು ದಿನಗಳಲ್ಲಿ ಒಂದು ಅಧ್ಯಾಯ ವಶವಾದೀತು.

ಹನ್ನೆರಡನೆಯ ಅಧ್ಯಾಯದಲ್ಲಿ ಭಗವಂತನೇ ಇಂತಹ ಸೋಪಾನಕ್ರಮವನ್ನು ತೋರಿದ್ದಾನೆ. ಚಿತ್ತವನ್ನು ತನ್ನಲ್ಲಿ ನಿಲ್ಲಿಸಬೇಕೆಂದವನು, ಆಗದಿದ್ದರೆ ಅಭ್ಯಾಸ, ಅದಕ್ಕೂ ಆಗದಿದ್ದರೆ ತನ್ನ ಪ್ರೀತ್ಯರ್ಥವಾದ ಕರ್ಮ, ಅದಕ್ಕೂ ಅಶಕ್ತನಾದರೆ ಕರ್ಮಫಲತ್ಯಾಗ ಎಂದು ಅರ್ಜುನನಿಗೆ ಉಪದೇಶಿಸಿದನು. ಅಶಕ್ತನಿಗೂ ಎಟುಕುವ ಮೆಟ್ಟಿಲನ್ನು ಕರುಣಾಳುವಾದ ಸ್ವಾಮಿಯು ಇಟ್ಟಿದ್ದಾನೆ.

ಆದುದರಿಂದ ದೇವರ ಪೂಜೆಯಾದ ಮೇಲೆ ಮನೆಮಂದಿಯೆಲ್ಲ ಕುಳಿತು, ನಿನ್ನೆಯ ಶ್ಲೋಕಗಳನ್ನು ಒಪ್ಪಿಸಿ, ಹೊಸತೆರಡನ್ನು ಅರ್ಥಸಹಿತ ಕಲಿಯಿರಿ. ಏಕಾದಶಿಗಳಂದು ಕಲಿತುದೆಲ್ಲವನ್ನೂ ಆವೃತ್ತಿ ಮಾಡಿರಿ. ಒಂದು ದಿನ ತಪ್ಪಿತೆಂದು ಸಂಕಲ್ಪವನ್ನೇ ಬಿಡದೆ, ನಿಂತಲ್ಲಿಂದ ಮುಂದುವರಿಯಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥