ಎರಡು ಮನೆಗಳ ಶೋಕ: ‘ಕ್ರೈ, ದ ಬಿಲವೆಡ್ ಕಂಟ್ರಿ’ ಕಾದಂಬರಿಯ ಒಂದು ಪರಿಶೀಲನೆ

ಕ್ರೌಂಚವಧೆಯನ್ನು ಕಂಡ ವಾಲ್ಮೀಕಿಯ ಶೋಕವೇ ಶ್ಲೋಕವಾಯಿತೆಂಬುದು ನಮ್ಮ ಕಾವ್ಯಮೀಮಾಂಸೆ ಮತ್ತೆ ಮತ್ತೆ ನೆನೆಯುವ ಪ್ರಸಂಗ. ಅಲ್ಲಿ ಸತ್ತ ಹಕ್ಕಿಗೂ ಅದರ ಸಂಗಾತಿಗೂ ಕವಿಯ ಮರುಕ ದೊರೆಯುತ್ತದೆ; ಬೇಡನಿಗೆ ದೊರೆಯುವುದು ಶಾಪ. ಬೇಡನಿಗಾಗಿ ಮರುಗುವ ಮನೆಯೊಂದಿದ್ದರೆ ಅದರ ಶೋಕಕ್ಕೆ ಸಾಹಿತ್ಯದಲ್ಲಿ ಸ್ಥಾನವೇನು? ದಕ್ಷಿಣ ಆಫ್ರಿಕಾದ ಅಲನ್ ಪೇಟನ್‌ನ (1903–1988) ‘ಕ್ರೈ, ದ ಬಿಲವೆಡ್ ಕಂಟ್ರಿ’ (1948) ಕಾದಂಬರಿಯನ್ನು ಈ ಪ್ರಶ್ನೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನೇಟಾಲ್ ಪ್ರಾಂತದ ಎನ್‌ಡೊಟ್ಶೇನಿ ಎಂಬ ಹಳ್ಳಿಯ ಕಪ್ಪು ಜನಾಂಗದ ಪಾದ್ರಿ ಸ್ಟೀಫನ್ ಕುಮಾಲೊ, ಜೊಹಾನ್ಸ್‌ಬರ್ಗ್ ನಗರದಲ್ಲಿ ತನ್ನ ಮಗ ಅಬ್ಸಲೊಮನನ್ನು ಅರಸುತ್ತಾನೆ. ಅಷ್ಟರಲ್ಲಿ ಮಗ, ಕಳವಿಗೆಂದು ನುಗ್ಗಿದ ಮನೆಯಲ್ಲಿ ಹೆದರಿ ಗುಂಡು ಹಾರಿಸಿ ಆರ್ಥರ್ ಜಾರ್ವಿಸನನ್ನು ಕೊಂದಿರುತ್ತಾನೆ. ಹತನಾದವನು ಕಪ್ಪು ಜನರ ನ್ಯಾಯಕ್ಕಾಗಿ ದುಡಿಯುತ್ತಿದ್ದ ಬಿಳಿಯ. ಅವನ ತಂದೆ ಜೇಮ್ಸ್ ಜಾರ್ವಿಸ್, ಕುಮಾಲೊನ ಹಳ್ಳಿಯ ಮೇಲ್ಬದಿಯ ಬೆಟ್ಟದಲ್ಲಿರುವ ಜಮೀನಿನ ಒಡೆಯ. ಒಂದು ಮನೆಯ ಮಗನನ್ನು ಗುಂಡು ಕಸಿದರೆ, ಇನ್ನೊಂದು ಮನೆಯ ಮಗನನ್ನು ನೇಣು ಕಸಿಯುತ್ತದೆ.

ಕಾದಂಬರಿಯ ಮೊದಲ ಹಾಗೂ ಎರಡನೆಯ ಭಾಗಗಳು ಇಕ್ಸೊಪೊದ ಬೆಟ್ಟಗಳ ಒಂದೇ ವರ್ಣನೆಯಿಂದ ಆರಂಭವಾಗುತ್ತವೆ. ಆದರೆ ಮೊದಲನೆಯದು ಸವೆದು ಬರಡಾದ ಕಣಿವೆಗೆ ಇಳಿಯುತ್ತದೆ. ಎರಡನೆಯದು ಮೇಲಿನ ಸಮೃದ್ಧ ಜಮೀನಿನಲ್ಲಿ ನಿಲ್ಲುತ್ತದೆ. ಈ ಪುನರುಕ್ತಿ ಕೇವಲ ಅಲಂಕಾರವಲ್ಲ. ನೆಲ ಒಂದೇ ಆದರೂ ಅದರ ಮೇಲಿನ ಬದುಕು ಒಂದೇ ಅಲ್ಲವೆಂಬುದನ್ನು ಅದು ಸ್ಥಾಪಿಸುತ್ತದೆ.

ಶೋಕದ ವಿಷಯದಲ್ಲಿಯೂ ಇದು ನಿಜ. ಜಾರ್ವಿಸನ ದುಃಖಕ್ಕೆ ಪತ್ರಿಕೆಗಳ ಗೌರವವಿದೆ, ಎಲ್ಲ ವರ್ಣದವರೂ ಸೇರುವ ಅಂತ್ಯಕ್ರಿಯೆಯಿದೆ, ಮಗ ಬರೆದಿಟ್ಟ ಅಪೂರ್ಣ ಲೇಖನವಿದೆ. ಕುಮಾಲೊನ ದುಃಖವಾದರೋ ಲಜ್ಜೆಯೊಡನೆ ಬೆಸೆದಿದೆ. ಅವನು ಬದುಕಿರುವ ಮಗನಿಗಾಗಿಯೇ ಅಳಬೇಕು. ಸ್ಪ್ರಿಂಗ್ಸ್ ಪಟ್ಟಣದ ಮನೆಯೊಂದರ ಬಾಗಿಲಲ್ಲಿ ಅನಿರೀಕ್ಷಿತವಾಗಿ ಜಾರ್ವಿಸನನ್ನು ಕಂಡಾಗ ಕುಮಾಲೊ ನಡುಗಿ ಮೆಟ್ಟಿಲ ಮೇಲೆ ಕುಸಿಯುತ್ತಾನೆ. ಸತ್ಯವನ್ನು ನುಡಿಯುವ ಹೊರೆ ಅವನದೇ. ಕೇಳಿದ ಜಾರ್ವಿಸ್ ಕೋಪಗೊಳ್ಳುವುದಿಲ್ಲ. ಕಾದಂಬರಿಯ ಕರುಣರಸ ಇಲ್ಲಿ ಪರಾಕಾಷ್ಠೆಯನ್ನು ಮುಟ್ಟುತ್ತದೆ.

ಮೂರನೆಯ ಭಾಗದಲ್ಲಿ ಜಾರ್ವಿಸನ ಶೋಕ ಕ್ರಿಯೆಯಾಗುತ್ತದೆ: ಹಳ್ಳಿಯ ಮಕ್ಕಳಿಗೆ ಹಾಲು, ಬೇಸಾಯ ಕಲಿಸಲು ಒಬ್ಬ ತರುಣ, ಒಂದು ಅಣೆಕಟ್ಟೆ. ಆದರೆ ದಾನ ಮಾಡುವ ಶಕ್ತಿಯೂ ಭೂಮಿಯ ಒಡೆತನದಿಂದಲೇ ಬಂದುದೆಂಬುದನ್ನು ಮರೆಯಲಾಗದು. 1913ರ ಭೂ ಕಾಯಿದೆ ಕಪ್ಪು ಜನರ ನೆಲದ ಹಕ್ಕನ್ನು ಮೊಟಕುಗೊಳಿಸಿತ್ತು. ಈ ಆಕ್ಷೇಪ ಹೊರಗಿನ ವಿಮರ್ಶಕನದು ಮಾತ್ರವಲ್ಲ. ಬೇಸಾಯ ಕಲಿಸಲು ಬಂದ ಲೆಟ್ಸಿಟ್ಸಿಯೇ ಕೃತಿಯೊಳಗೆ ಇದನ್ನು ಎತ್ತುತ್ತಾನೆ. ಅವನಿಗೆ ಉಪಕಾರಸ್ಮರಣೆಯಿದೆ, ಆದರೆ ಅದು ಅವನ ಬಾಯಿ ಕಟ್ಟುವುದಿಲ್ಲ.

ಕೊನೆಯಲ್ಲಿ, ಮಗನನ್ನು ಗಲ್ಲಿಗೇರಿಸುವ ಬೆಳಗನ್ನು ಕುಮಾಲೊ ಬೆಟ್ಟದ ಮೇಲೆ ಒಬ್ಬನೇ ಎದುರುಗೊಳ್ಳುತ್ತಾನೆ. ದಾರಿಯಲ್ಲಿ ಎದುರಾದ ಜಾರ್ವಿಸ್ ಸಮಾಧಾನ ಹೇಳಬಲ್ಲ. ಆ ಮುಂಜಾವನ್ನು ಹಂಚಿಕೊಳ್ಳಲಾರ. ಶೋಕ ಎರಡು ಮನೆಗಳ ನಡುವಿನ ಬಾಗಿಲನ್ನು ತೆರೆಯುತ್ತದೆ, ಆದರೆ ಅವುಗಳ ನಡುವಿನ ಏರುತಗ್ಗನ್ನು ಸಮಗೊಳಿಸುವುದಿಲ್ಲ. ಕಾದಂಬರಿ ಪ್ರಕಟವಾದ ವರ್ಷವೇ ನ್ಯಾಷನಲ್ ಪಕ್ಷ ಅಧಿಕಾರಕ್ಕೆ ಬಂದು ವರ್ಣಭೇದವನ್ನು ರಾಜ್ಯನೀತಿಯಾಗಿಸಿತು. ಬೇಡನ ಮನೆಗೂ ಕರುಣೆಯನ್ನು ವಿಸ್ತರಿಸಿದ ಈ ಕೃತಿ, ಕರುಣೆಯೊಂದೇ ನ್ಯಾಯವಾಗಲಾರದೆಂಬ ಅರಿವನ್ನೂ ಉಳಿಸಿಕೊಂಡಿರುವುದರಲ್ಲಿ ಅದರ ಮಹತ್ವವಿದೆ.